ಎಂಟು ಗಂಟೆಯ ಜೈನ್ ಊಟ

ಹಡಗಿನವರು ಕಳಿಸಿದ ಬಣ್ಣದ ಪುಸ್ತಿಕೆಯಲ್ಲಿ ‘ಜೈನ್ ಊಟ ಲಭ್ಯ’ ಎಂದು ಹಸಿರು ಎಲೆಯ ಚಿತ್ರದ ಪಕ್ಕದಲ್ಲಿ ಅಚ್ಚಾಗಿತ್ತು. ಎಷ್ಟು ಹೊತ್ತಿಗೆ ಲಭ್ಯ ಎಂಬುದು ಮಾತ್ರ ಅಲ್ಲಿರಲಿಲ್ಲ. ಅದನ್ನು ನೋಡಿ ನನ್ನ ಮೈದುನ ಮುಂಬಯಿಯಿಂದ ಫೋನ್ ಮಾಡಿ, “ಅತ್ತಿಗೇ, ಎಲ್ಲ ವ್ಯವಸ್ಥೆ ಉಂಟು, ಅಮ್ಮನಿಗೆ ಎಂತ ತೊಂದರೆ ಆಗುದಿಲ್ಲ” ಎಂದಾಗ ನಾನು ಸುಮ್ಮನೆ ಹೂಂಗುಟ್ಟಿದೆ. ಈರುಳ್ಳಿ, ಬೆಳ್ಳುಳ್ಳಿ, ಬಟಾಟೆ ತೆಗೆದುಬಿಟ್ಟರೆ ಅದೇ ಜೈನರ ಊಟ ಎಂದುಕೊಂಡವರ ಹತ್ತಿರ ವಾದ ಮಾಡಲು ನನಗೆ ಆಗ ಪುರುಸೊತ್ತಿರಲಿಲ್ಲ. ನಾಲ್ಕು ಗಂಟೆ ಆಗುತ್ತಾ ಬಂದಿತ್ತು. ಒಲೆಯ ಮೇಲೆ ಅತ್ತೆಯ ರಾತ್ರಿಯೂಟ ಬೇಯುತ್ತಿತ್ತು.

ನಾಲ್ಕು ಗಂಟೆಗೆ ರಾತ್ರಿಯೂಟ ಎಂದರೆ ನಗು ಬರಬಹುದು. ನಾವು ಕಾರ್ಕಳದ ಕಡೆಯ ಜೈನರು. ನನ್ನ ಅತ್ತೆ ಹೊತ್ತು ಮುಳುಗಿದ ಮೇಲೆ ಒಂದು ಅಗುಳನ್ನೂ ಬಾಯಿಗೆ ಹಾಕುವುದಿಲ್ಲ, ನೀರು ಮಾತ್ರ ಕುಡಿಯುತ್ತಾರೆ. ಊರಿನಲ್ಲಿ ಈ ವ್ರತ ಯಾರಿಗೂ ಭಾರವಲ್ಲ. ಅಲ್ಲಿ ಡಿಸೆಂಬರಿನಲ್ಲೂ ಸೂರ್ಯ ಆರು ದಾಟುವ ತನಕ ಇರುತ್ತಾನೆ, ಅಷ್ಟರೊಳಗೆ ನಿಧಾನಕ್ಕೆ ಬೇಯಿಸಿ ಬಡಿಸಬಹುದು. ಕೋಲ್ಕತ್ತದ ಚಳಿಗಾಲದ ಸೂರ್ಯನಿಗೆ ಅಷ್ಟು ತಾಳ್ಮೆಯಿಲ್ಲ. ಐದು ಬಡಿಯುವ ಮೊದಲೇ ಕಂತಿಬಿಡುತ್ತಾನೆ. ಬ್ಯಾಂಕಿನಲ್ಲಿರುವ ಗಂಡನ ಹಿಂದೆ ನಾನು ಈ ಊರಿಗೆ ಬರುವಾಗ ಇದನ್ನು ಯಾರೂ ಹೇಳಿರಲಿಲ್ಲ. ಮಾವ ತೀರಿಕೊಂಡ ಮೇಲೆ ಅತ್ತೆ ನಮ್ಮ ಬಾಲಿಗಂಜಿನ ಫ್ಲ್ಯಾಟಿಗೆ ಬಂದರು, ಅವರ ಹಿಂದೆಯೇ ವ್ರತವೂ ಬಂತು.

ಬೆಳಗ್ಗೆ ಮಾಡಿಟ್ಟದ್ದು ಅವರಿಗೆ ಆಗದು. ಆಗಷ್ಟೇ ಮಾಡಿದ್ದೇ ಬೇಕು, ಬಿಸಿ ಇರಬೇಕು. ಅಡುಗೆಮನೆ ಸೊಸೆಯದ್ದು ಎಂದು ಮೊದಲ ವಾರವೇ ಹೇಳಿ ಕೈ ತೊಳೆದುಕೊಂಡಿದ್ದರು. ಆಗ ನಾನು ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಶಾಲೆ ಬಿಟ್ಟು, ಬಸ್ಸು ಹಿಡಿದು, ಗರಿಯಾಹಾಟಿನ ಜನಜಂಗುಳಿ ದಾಟಿ ಬಂದರೆ ಚಳಿಗಾಲದಲ್ಲಿ ಮನೆಯ ಬಾಗಿಲಲ್ಲೇ ಕತ್ತಲು. ಅತ್ತೆ ಬೈಯುತ್ತಿರಲಿಲ್ಲ. ಕಿಟಕಿಯ ಹತ್ತಿರ ಕುರ್ಚಿ ಹಾಕಿ ಕೂತು, ಮುಳುಗಿದ ಸೂರ್ಯನ ಕಡೆ ನೋಡಿ, “ಇರ್ಲಿ ಬಿಡು, ಇವತ್ತಿಗೆ ನೀರು ಸಾಕು” ಎನ್ನುತ್ತಿದ್ದರು. ಬೈದಿದ್ದರೆ ವಾಪಸ್ಸು ಬೈಯಬಹುದಿತ್ತು. ಎರಡು ಚಳಿಗಾಲ ಹೀಗೆ ಕಳೆದ ಮೇಲೆ ನಾನು ಕೆಲಸ ಬಿಟ್ಟೆ.

ಆಮೇಲೆ ಮಗಳು ಹುಟ್ಟಿದಳು, ಬೆಳೆದಳು, ಓದಲು ಬೇರೆ ಊರಿಗೆ ಹೋದಳು. ನಾಲ್ಕು ಗಂಟೆ ಮಾತ್ರ ನನ್ನದಾಗಲಿಲ್ಲ. ಈ ಊರಿನಲ್ಲಿ ಚಳಿಗಾಲದ ನಾಲ್ಕು ಗಂಟೆ ಎಂದರೆ ಏನೆಂದು ಇಲ್ಲಿದ್ದವರಿಗೇ ಗೊತ್ತು. ಬಿಸಿಲು ಮೆತ್ತಗಾಗುತ್ತದೆ, ಜನ ಶಾಲು ಹೊದ್ದು ಕೆರೆಯ ಕಡೆ ಹೊರಡುತ್ತಾರೆ. ಕೆಳಗಿನ ಮನೆಯ ಹೆಂಗಸರು ಗೇಟಿನ ಹತ್ತಿರ ಗುಂಪಾಗಿ, “ಬೌದಿ,” ಅಂದರೆ ಅತ್ತಿಗೆ, “ಬರ್ತೀರಾ?” ಎಂದು ಕೂಗುತ್ತಿದ್ದರು. ಬರುವುದಿಲ್ಲ ಎಂದು ಗೊತ್ತಾಗಿ ಕೆಲವು ವರ್ಷಗಳಿಂದ ಕೂಗುವುದನ್ನೂ ಬಿಟ್ಟಿದ್ದಾರೆ. ನಾನು ಅವರನ್ನು ಅಡುಗೆಮನೆಯ ಕಿಟಕಿಯ ಸರಳಿನ ಸಂದಿಯಿಂದ ನೋಡುತ್ತೇನೆ.

ಹೀಗಿರುವಾಗ, ಆ ಪುಸ್ತಿಕೆ ಬರುವ ಮೊದಲೇ, ಮೈದುನನ ಮೊದಲ ಫೋನು. ಅತ್ತೆಗೆ ಎಂಬತ್ತು ತುಂಬುತ್ತದೆ, ಅದಕ್ಕೆ ಗಂಗೆಯ ಮೇಲೆ ಮೂರು ರಾತ್ರಿಯ ಹಡಗಿನ ಪ್ರವಾಸ, ಕೋಲ್ಕತ್ತದಿಂದ ಹೊರಟು ಮೇಲಕ್ಕೆ ಹೋಗಿ ವಾಪಸ್ಸು. ಕೊನೆಯ ರಾತ್ರಿ ಹಡಗಿನಲ್ಲೇ ಕೇಕು. ಅಷ್ಟು ಹೇಳಿ ಅವನು ಗಂಟಲು ಸರಿಮಾಡಿಕೊಂಡ. “ಹೊಸ ವರ್ಷದಿಂದ ಅಮ್ಮ ನಮ್ಮಲ್ಲಿಗೇ ಬರ್ಲಿ ಅತ್ತಿಗೆ. ನೀವೂ ಎಷ್ಟು ವರ್ಷ ಅಂತ ನೋಡುದು. ಆದ್ರೆ ಈ ಹಗಲೂಟದ ಕಥೆ ನಮ್ಮಲ್ಲಿ ನಡಿಯುದಿಲ್ಲ. ಅಡುಗೆಯವಳು ಬರುದೇ ಏಳಕ್ಕೆ, ನಾವಿಬ್ರೂ ಆಫೀಸು. ಹಡಗಿನಲ್ಲಿ ಎಲ್ಲರ ಜೊತೆ ಕೂತು ಒಂದು ಸಲ ಎಂಟಕ್ಕೆ ಉಂಡ್ರೆ ಮತ್ತೆ ಅಭ್ಯಾಸ ಆಗ್ತದೆ.”

ನನಗೆ ಸಂತೋಷವಾಯಿತು. ಇದನ್ನು ಯಾವ ಸಂಕೋಚವೂ ಇಲ್ಲದೆ ಬರೆಯುತ್ತೇನೆ. ಅತ್ತೆ ಒಂದೇ ಒಂದು ರಾತ್ರಿ ಎಂಟು ಗಂಟೆಗೆ ಉಂಡರೆ ನನ್ನ ನಾಲ್ಕು ಗಂಟೆ ನನಗೆ ವಾಪಸ್ಸು ಸಿಗುತ್ತದೆ. ನಾನು ಹಡಗು ಹತ್ತಿದ್ದು ಅದಕ್ಕಾಗಿ, ಗಂಗೆಯನ್ನು ನೋಡುವುದಕ್ಕಲ್ಲ.

ಗಂಡನಿಗೆ ಬ್ಯಾಂಕಿನಲ್ಲಿ ಇನ್‌ಸ್ಪೆಕ್ಷನ್ ಇತ್ತು, ಬರಲಿಲ್ಲ. ಆ ಮನುಷ್ಯನಿಗೆ ಇಂಥ ಹೊತ್ತಿನಲ್ಲಿ ಯಾವಾಗಲೂ ಇನ್‌ಸ್ಪೆಕ್ಷನ್ ಇರುತ್ತದೆ. ಹೀಗಾಗಿ ಒಂದು ಕ್ಯಾಬಿನ್ನಿನಲ್ಲಿ ಮೈದುನ ಮತ್ತು ಓರಗಿತ್ತಿ, ಇನ್ನೊಂದರಲ್ಲಿ ನಾನು ಮತ್ತು ಅತ್ತೆ. ಘಾಟಿನಲ್ಲಿ ಹಡಗು ಹತ್ತುತ್ತಿದ್ದಂತೆ ರಜನೀಗಂಧದ ಹಾರ ಹಾಕಿದರು. ಚಳಿಗೆ ಸ್ವೆಟರು ಹಾಕಿ, ತಲೆಗೆ ಮಫ್ಲರು ಸುತ್ತಿಕೊಂಡು, ಕೋಲೂರಿ ನಿಂತಿದ್ದ ಮುದುಕಿಯ ಕೈಗೆ ಐಸಿನಂಥ ಒದ್ದೆ ಟವೆಲ್ಲು ಕೊಟ್ಟು ‘ವೆಲ್‌ಕಮ್ ಮಾಸಿಮಾ’ ಎಂದು ಸ್ವಂತ ಚಿಕ್ಕಮ್ಮನನ್ನು ಕರೆಯುವ ಹಾಗೆ ಹಲ್ಲು ಕಿರಿದರು. ಅತ್ತೆ ಅದರಿಂದ ಕನ್ನಡಕ ಒರೆಸಿಕೊಂಡು ವಾಪಸ್ಸು ಕೊಟ್ಟರು.

ಓರಗಿತ್ತಿಯ ಬಾಯಲ್ಲಿ ಒಂದೇ ಮಾತು. ಬಟ್ಟೆಯ ಚಪ್ಪಲಿ ತೋರಿಸಿದರೆ, “ಇದು ಫ್ರೀಯಾ?” ಕಾಲು ಒತ್ತುವವಳು ಬರುತ್ತಾಳೆ ಎಂದರೆ, “ಅದು ಫ್ರೀಯಾ?” ಶಾಂಪೂ ಬಾಟಲಿ, ಕಾಫಿಪುಡಿಯ ಪೊಟ್ಟಣ, ಸೂಜಿ ದಾರದ ಡಬ್ಬಿ ಎಲ್ಲವೂ ಮೊದಲ ಮಧ್ಯಾಹ್ನವೇ ಅವಳ ಸೂಟ್‌ಕೇಸ್ ಸೇರಿದವು. ಮರುದಿನ ಹೊಸದು ಇಡುತ್ತಾರೆ ಎಂದು ಗೊತ್ತಾದ ಮೇಲೆ ಅದನ್ನೂ ಸೇರಿಸಿದಳು. ಸೂಜಿ ದಾರ ಅವಳಿಗೆ ಯಾವ ಕೆಲಸಕ್ಕೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಅವಳೊಬ್ಬಳನ್ನೇ ಅನ್ನುವುದು ಸರಿಯಲ್ಲ. ಹಡಗಿಗೆ ಹಡಗೇ ಹಾಗಿತ್ತು. ಮೇಲಿನ ಡೆಕ್ಕಿನಲ್ಲಿ ನದಿಯ ಕಡೆ ಮುಖ ಮಾಡಿದ್ದ ಒರಗು ಕುರ್ಚಿಗಳ ಮೇಲೆ ಬೆಳಗಾಗುವ ಮೊದಲೇ ಯಾರದೋ ಮಂಕಿ ಟೋಪಿ, ಯಾರದೋ ಪೇಪರು. ಟೋಪಿಯ ಯಜಮಾನ ಮಧ್ಯಾಹ್ನದ ತನಕ ಆ ಕಡೆ ಸುಳಿಯುವುದಿಲ್ಲ, ಕುರ್ಚಿ ಮಾತ್ರ ಅವನದ್ದು. ಊಟದ ಗಂಟೆ ಬಾರಿಸುವ ಎಷ್ಟೋ ಮುಂಚೆ ಊಟದ ಹಾಲಿನ ಗಾಜಿನ ಬಾಗಿಲಿಗೆ ಮೂಗು ಒತ್ತಿ ನಿಂತಿರುತ್ತಿದ್ದರು. ಒಳಗೆ ಹೋದ ಮೇಲೆ ಮೊದಲು ತಿನಿಸುಗಳ ಸುತ್ತ ಒಂದು ಪ್ರದಕ್ಷಿಣೆ, ಫೋನಿನಲ್ಲಿ ಎಲ್ಲದರ ಫೋಟೋ, ಆಮೇಲೆ ಮೂರು ದಿನ ಅನ್ನ ಕಾಣದವರ ತಟ್ಟೆ. ಮೀನು ತಾಜಾ ಅಲ್ಲ ಎಂದು ಗೊಣಗುತ್ತಲೇ ಮೂರನೆಯ ತುಂಡು. ತಿಂದು ಮುಗಿಸಿದವರು ಎದೆ ಉಜ್ಜಿಕೊಂಡು ‘ಅಂಬಲ್, ಅಂಬಲ್’ ಎನ್ನುವುದನ್ನು ಕೇಳಿ ಓರಗಿತ್ತಿ ಕಣ್ಣರಳಿಸಿದಳು.

“ಅಕ್ಕಾ, ಇವ್ರೂ ಅಂಬಲಿ ಕುಡೀತಾರಾ? ನಮಗೂ ಸಿಗ್ತದಾ? ಫ್ರೀಯಾ?”

“ಬಂಗಾಳಿಯಲ್ಲಿ ಅಂಬಲ್ ಅಂದ್ರೆ ಹುಳಿತೇಗು ಮಾರಾಯ್ತಿ,” ಎಂದೆ. “ಫ್ರೀಯೇ. ಹೀಗೇ ತಿನ್ತಾ ಇರು, ನಾಳೆಗೆ ನಿನಗೂ ಸಿಗ್ತದೆ.”

ಅತ್ತೆ ನಕ್ಕರು. ನನ್ನ ಮಾತಿಗೆ ಅವರು ನಕ್ಕದ್ದು ನೆನಪಿಟ್ಟುಕೊಳ್ಳುವಷ್ಟು ಅಪರೂಪ.

ಮೊದಲ ದಿನವೇ ಮೈದುನ ಮ್ಯಾನೇಜರನ್ನು ಕಂಡು ಬಂದು ಎದೆಯುಬ್ಬಿಸಿ ಹೇಳಿದ: “ಎಲ್ಲರಿಗೂ ಊಟ ಎಂಟಕ್ಕೆ. ಆದ್ರೆ ಮೊದಲ ದಿನ ಅಲ್ವಾ, ಅಮ್ಮನಿಗೆ ಮಾತ್ರ ಐದೂವರೆಗೆ ಸ್ಪೆಷಲ್ ಆಗಿ ಮಾಡಿಸಿದ್ದೇನೆ. ಹೊತ್ತು ಮುಳುಗುದ್ರೊಳಗೆ ಆರಾಮಾಗಿ ಉಣ್ಬಹುದು.” ಮುಂಬಯಿಯಲ್ಲೂ ಊರಿನ ಹಾಗೆ ಸೂರ್ಯ ಆರರ ತನಕ ಇರುತ್ತಾನೆ. ದೇಶದ ಇನ್ನೊಂದು ಮಗ್ಗುಲಿಗೆ ಬಂದಿದ್ದೇನೆ, ಇಲ್ಲಿ ಆ ಲೆಕ್ಕ ನಡೆಯದು ಎಂಬುದು ಅವನ ತಲೆಗೆ ಹೊಳೆಯಲೇ ಇಲ್ಲ. ಅತ್ತೆ, “ಐದೂವರೆಗಾ?” ಎಂದು ನನ್ನ ಮುಖ ನೋಡಿದರು. ಅವರಿಗೆ ಗೊತ್ತಿತ್ತು, ನನಗಂತೂ ಗೊತ್ತೇ ಇತ್ತು. ಆದರೆ ಆ ಮಗನಿಗೆ ಅವರು ಯಾವತ್ತೂ ಎದುರು ಮಾತಾಡಿದವರಲ್ಲ. ನಾನು ನದಿಯ ಕಡೆ ನೋಡುತ್ತಾ ಕೂತೆ. ನನಗೆ ಆ ವ್ರತ ಮುರಿಯಬೇಕಿತ್ತು.

ದಕ್ಷಿಣೇಶ್ವರದ ಗುಡಿ ಕಾಣುವಾಗ ಸೂರ್ಯ ಆಚೆ ದಡದ ಹಳೆಯ ಮಿಲ್ಲಿನ ಚಿಮಣಿಗಳ ಹಿಂದೆ ಇಳಿಯುತ್ತಿದ್ದ. ಅದೇ ಹೊತ್ತಿಗೆ ಡೆಕ್ಕಿನಲ್ಲಿ ‘ಸನ್‌ಡೌನರ್’ ಎಂದು ಇನ್ನೊಂದು ಸವಲತ್ತು. ಸೂರ್ಯ ಮುಳುಗುವಾಗ ಎಲ್ಲರಿಗೂ ಒಂದು ಗ್ಲಾಸು ಪಾನೀಯ, ಫ್ರೀ. ಜನ ಗ್ಲಾಸು ಎತ್ತಿ ಸೂರ್ಯನ ಜೊತೆ ಫೋಟೋ ತೆಗೆಸಿಕೊಂಡರು. ಅವರ ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ಅತ್ತೆಯ ಬಾಯಿ ಮುಚ್ಚಿತು. ಕೈ ಮುಗಿದು ಏನೋ ಹೇಳಿಕೊಂಡು ಶಾಲಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಐದೂವರೆಗೆ ಅತ್ತೆಯ ವಿಶೇಷ ಊಟ ಬಂತು. ಬೆಳ್ಳಿ ಬಣ್ಣದ ಮುಚ್ಚಳ, ಬಿಳಿ ಬಟ್ಟೆ, ಕತ್ತಲಾಗಿದೆ ಎಂದು ಪಕ್ಕದಲ್ಲಿ ಎರಡು ಮೇಣದ ಬತ್ತಿ. ದೀಪ ಹಚ್ಚಿ ಉಣ್ಣಬಾರದು ಎನ್ನುವ ವ್ರತದ ಮುಂದೆ ದೀಪ ಹಚ್ಚಿ ಇಟ್ಟಿದ್ದರು. ಅತ್ತೆ ಕಿಟಕಿಯನ್ನು ನೋಡಿದರು, ತಟ್ಟೆಯನ್ನು ನೋಡಿದರು, ಮಗನನ್ನು ನೋಡಿ, “ಹೊಟ್ಟೆ ತುಂಬಿದೆ ಮಗಾ” ಎಂದರು. ಅವರಿಗೆ ಸಕ್ಕರೆ ಕಾಯಿಲೆ. ಸಂಜೆಯ ಮಾತ್ರೆಯನ್ನು ತಟ್ಟೆ ಮುಂದೆ ಬಂದ ಮೇಲೇ ನುಂಗಬೇಕು. ಅಂಗೈಯಲ್ಲಿ ಹಿಡಿದುಕೊಂಡಿದ್ದ ಮಾತ್ರೆಯನ್ನು ಮತ್ತೆ ಡಬ್ಬಿಗೆ ಹಾಕಿದರು.

ಎಂಟಕ್ಕೆ ನಾವು ಮೂವರು ಉಣ್ಣಲು ಹೋದೆವು. ಪಕ್ಕದ ಮೇಜಿನಲ್ಲಿ ಒಂದು ಸಂಸಾರ ಹಸಿರು ಎಲೆಯ ಚೀಟಿ ಇಟ್ಟ ಜೈನ್ ಊಟವನ್ನು ಚಪ್ಪರಿಸಿಕೊಂಡು ಉಣ್ಣುತ್ತಿತ್ತು. ಮೈದುನ ಅವರನ್ನು ಗಲ್ಲದಿಂದ ತೋರಿಸಿ, “ನೋಡಿ ಅತ್ತಿಗೆ, ಅವ್ರೂ ಜೈನರೇ. ಕಾಲಕ್ಕೆ ತಕ್ಕ ಹಾಗೆ ಇರ್ಬೇಕು” ಎಂದ. ನಾನು ತಲೆಯಾಡಿಸಿದೆ. ನನ್ನ ತಟ್ಟೆಯಲ್ಲಿದ್ದುದೂ ಅದೇ ಊಟ. ನಾನು ರಾತ್ರಿ ಉಣ್ಣುವವಳೇ, ನನಗೆ ಯಾವ ವ್ರತವೂ ಇಲ್ಲ, ಆದರೂ ತಟ್ಟೆಯನ್ನು ಅರ್ಧಕ್ಕೇ ಸರಿಸಿದೆ. ಪನೀರು ಬೆಂದಿರಲಿಲ್ಲ ಎಂದು ಆಗ ಅಂದುಕೊಂಡೆ.

ಮರುದಿನ ಅತ್ತೆ ನಡೆಯುವಾಗ ಸ್ವಲ್ಪ ತೂರಾಡುತ್ತಿದ್ದರು. ಮಧ್ಯಾಹ್ನದ ಊಟದಲ್ಲಿ ಅವರು ಎಂದಿಗಿಂತ ಹೆಚ್ಚು ಉಂಡು, ಎರಡು ಚಪಾತಿಯನ್ನು ಕರವಸ್ತ್ರದಲ್ಲಿ ಸುತ್ತಿ ಸೆರಗಿನ ಅಡಿ ಇಟ್ಟುಕೊಂಡರು. ಹೊಸದಾಗಿ ಮಾಡಿದ್ದೇ ಬೇಕೆಂದು ಇಷ್ಟು ವರ್ಷ ನನ್ನನ್ನು ಓಡಿಸಿದವರು ಈಗ ತಣ್ಣಗಿನ ಚಪಾತಿಗೆ ಇಳಿದಿದ್ದರು. ನನಗೆ ಸಿಟ್ಟೂ ಬಂತು, ಒಳಗೊಳಗೆ ನಗುವೂ ಬಂತು. ಬಾಗಿಲ ಹತ್ತಿರ ಮ್ಯಾನೇಜರು ಅಡ್ಡ ನಿಂತ. ಟೈ ಕಟ್ಟಿದ ನಯದ ಮನುಷ್ಯ. ಊಟದ ಹಾಲಿನಿಂದ ತಿನಿಸು ಹೊರಗೆ ಒಯ್ಯುವಂತಿಲ್ಲ, ಆರೋಗ್ಯದ ನಿಯಮ, ರಾತ್ರಿ ಎಂಟಕ್ಕೆ ಬಿಸಿಬಿಸಿ ಜೈನ್ ಊಟ ಇದ್ದೇ ಇದೆಯಲ್ಲ ಮಾಸಿಮಾ ಎಂದು ಹಿಂದಿಯಲ್ಲಿ ಬೆಣ್ಣೆ ಹಚ್ಚಿದಂತೆ ಹೇಳಿ ಕೈ ಚಾಚಿದ. ಅವನ ಬೆನ್ನ ಹಿಂದೆಯೇ ಒಬ್ಬ ಹೆಂಗಸು ಚೀಲದಲ್ಲಿ ಆರೇಳು ಕಿತ್ತಳೆ ತುಂಬಿಕೊಂಡು ಹೋದಳು. ನನ್ನ ಓರಗಿತ್ತಿಯ ಕೈಚೀಲದಲ್ಲಿ ಕಪ್ ಕೇಕುಗಳಿದ್ದವು. ಅವರನ್ನು ಯಾರೂ ತಡೆಯಲಿಲ್ಲ, ಅವರು ಸೆರಗಿನಲ್ಲಿ ಕಟ್ಟಿಕೊಂಡಿರಲಿಲ್ಲ.

ಅತ್ತೆ ಕರವಸ್ತ್ರ ಬಿಚ್ಚಿ ಚಪಾತಿಯನ್ನು ಅವನ ಕೈಗೆ ಕೊಟ್ಟರು. ಮಡಿಸಿದ ಕರವಸ್ತ್ರವನ್ನು ಮತ್ತೆ ಮಡಿಸಿದರು. ಮೈದುನ ಅಲ್ಲೇ ನಿಂತಿದ್ದ. “ಬಿಡಿ ಅಮ್ಮಾ, ರೂಲ್ಸ್ ಅಂದ್ರೆ ರೂಲ್ಸ್” ಎಂದ. ನನ್ನ ಮೈ ಉರಿಯಿತು. ಆ ಮ್ಯಾನೇಜರಿಗೆ ನಾಲ್ಕು ಮಾತು ಬಿಗಿಯಬೇಕೆಂದು ಬಾಯಿ ತೆರೆದವಳು ಮುಚ್ಚಿಕೊಂಡೆ. ನಾನು ಬಿಗಿದರೆ ಅವನು ಚಪಾತಿ ವಾಪಸ್ಸು ಕೊಡುತ್ತಾನೆ, ಅತ್ತೆ ಹಗಲಿರುವಾಗಲೇ ಉಣ್ಣುತ್ತಾರೆ, ಮುಂಬಯಿ ತಪ್ಪುತ್ತದೆ. ಆ ಲೆಕ್ಕ ತಲೆಯಲ್ಲಿ ಬೇಗ ಬೇಗ ಆಗಿಹೋಯಿತು. ಗಣಿತದ ಟೀಚರು ತಾನೆ.

ನಾಲ್ಕಕ್ಕೆ ಡೆಕ್ಕಿನಲ್ಲಿ ಚಹಾ. ಮೀನಿನ ಕಟ್ಲೆಟ್ಟು, ಚಿಕನ್ ಸ್ಯಾಂಡ್‌ವಿಚ್ಚು, ಮೊಟ್ಟೆ ಹಾಕಿದ ಕೇಕು, ಎಲ್ಲವನ್ನೂ ಒಂದೇ ಇಕ್ಕಳದಲ್ಲಿ ಎತ್ತುತ್ತಿದ್ದರು. ಬಿಸಿಯಾದ ಬೇರೇನಾದರೂ ಇದೆಯೇ ಎಂದು ನಾನೇ ಹೋಗಿ ಕೇಳಿದೆ, ಯಾಕೆ ಕೇಳಿದೆನೋ ಗೊತ್ತಿಲ್ಲ. ಸಂಜೆ ಏಳರ ತನಕ ಅಡುಗೆಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ ಎಂದರು. ಅತ್ತೆ ಎರಡು ಬಾಳೆಹಣ್ಣು ತೆಗೆದುಕೊಂಡು ಕಟಕಟೆಯ ಹತ್ತಿರ ನಿಂತರು. ಕೂರಲು ಕುರ್ಚಿಯಿರಲಿಲ್ಲ, ಎಲ್ಲದರ ಮೇಲೂ ಟೋಪಿಗಳು ಕೂತಿದ್ದವು. ಸೂರ್ಯನ ಮೇಲೆ ಒಂದು ಕಣ್ಣಿಟ್ಟು ಬೇಗ ಬೇಗ ಹಣ್ಣು ನುಂಗುತ್ತಿದ್ದ ಅವರನ್ನು ಯಾರೋ ಫೋನಿನಲ್ಲಿ ಚಿತ್ರ ತೆಗೆದರು. ಮೈದುನ ನನ್ನ ಕಿವಿಯ ಹತ್ತಿರ ಬಂದು, “ಎರಡೇ ದಿನಕ್ಕೆ ದಾರಿಗೆ ಬರ್ತಾ ಇದ್ದಾರೆ, ನೋಡಿ” ಎಂದು ಪಿಸುಗುಟ್ಟಿದ. ಹತ್ತಿರದ ಕುರ್ಚಿಯಲ್ಲಿದ್ದ ಮಂಕಿ ಟೋಪಿಯನ್ನು ಎತ್ತಿ ಪಕ್ಕದ ಮೇಜಿಗೆ ಎಸೆದು ನಾನು ಅತ್ತೆಯನ್ನು ಕೂರಿಸಿದೆ. ಟೋಪಿಯವನು ಬಂದು ಗುರುಗುಟ್ಟಿದ. ಎರಡು ದಿನದಲ್ಲಿ ಅವನಿಗೆ ಕುರ್ಚಿಯ ನೆನಪಾದದ್ದು ಅದೇ ಮೊದಲು, ಅದನ್ನು ಅವನ ಮುಖಕ್ಕೇ ಹೇಳಿದೆ.

ಮೂರನೆಯ ದಿನ ಹುಟ್ಟುಹಬ್ಬ. ಬೆಳಗ್ಗೆ ಕ್ಯಾಬಿನ್ನಿನಲ್ಲಿ ಅತ್ತೆ ತಲೆ ಬಾಚಿಕೊಳ್ಳುತ್ತಾ, ಕನ್ನಡಿಯಲ್ಲೇ ನನ್ನನ್ನು ನೋಡಿ ಹೇಳಿದರು: “ಇವತ್ತು ರಾತ್ರಿ ನಾನು ಉಣ್ತೇನೆ.”

ನಾನು ಹಾಸಿಗೆಯ ಹೊದಿಕೆ ಮಡಿಸುತ್ತಿದ್ದೆ. “ಯಾಕೆ?”

“ಅವನು ಇಷ್ಟೆಲ್ಲ ಮಾಡಿದ್ದಾನೆ. ಅವನಿಗೆ ಖುಷಿ ಆಗ್ಲಿ.” ಹೆಣಲಿಗೆ ಗಂಟು ಹಾಕಿ ಮುಗಿಸಿ, ಬಾಚಣಿಗೆಯಿಂದ ಕೂದಲು ಬಿಡಿಸುತ್ತಾ ಸೇರಿಸಿದರು: “ನಿನಗೂ ಆಗ್ಲಿ. ನಿನಗೆ ಅದೇ ಬೇಕಲ್ಲ. ಐದೂವರೆ ಅಂತ ಅವ ಹೇಳುವಾಗ ನೀನು ಹೊಳೆ ನೋಡ್ತಾ ಕೂತಿದ್ದಿ. ನಾನು ನಿನ್ನನ್ನು ನೋಡ್ತಾ ಇದ್ದೆ.”

ನಾಚಿಕೆಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಆದದ್ದು ಸಿಟ್ಟು, ಕಾಲಿನಿಂದ ತಲೆಯ ತನಕ. ಇಷ್ಟು ವರ್ಷ ನನ್ನಿಂದ ಕಿತ್ತುಕೊಂಡದ್ದನ್ನು ಇವರು ಈಗ ದಾನ ಕೊಡುವವರ ಹಾಗೆ ಕೊಡುತ್ತಿದ್ದಾರೆ. ಶಾಲೆ ಬಿಟ್ಟಾಗ ಒಂದು ಮಾತು ಆಡಲಿಲ್ಲ. ಮಗಳಿಗೆ ಜ್ವರ ಬಂದು ಮಡಿಲಲ್ಲಿ ಮಲಗಿಸಿಕೊಂಡಿದ್ದಾಗಲೂ ನಾಲ್ಕು ಗಂಟೆಗೆ ಅಡುಗೆಮನೆಯ ಬಾಗಿಲಿಗೆ ಬಂದು ಒಂದು ಸಲ ಕೆಮ್ಮಿ ಹೋದವರು. ಆಗೆಲ್ಲ ಕಲ್ಲಿನ ಹಾಗಿದ್ದ ವ್ರತ ಒಂದು ಕೇಕಿನ ಮುಂದೆ ಬೆಣ್ಣೆಯಾಗುತ್ತದೆಯಾದರೆ ನನ್ನ ಕೆಲಸ ಹೋದದ್ದು ಯಾವುದಕ್ಕೆ? ಆದರೂ ಬಾಯಿಂದ ಬಂದದ್ದು, “ನಿಮ್ಮ ಇಷ್ಟ” ಎಂಬ ಎರಡೇ ಮಾತು. ಹೊದಿಕೆಯನ್ನು ಮತ್ತೆ ಬಿಚ್ಚಿ ಮೊದಲಿನಿಂದ ಮಡಿಸಿದೆ.

ಆ ಹಗಲಿಡೀ ನಾನು ನಾಲ್ಕು ಗಂಟೆಯ ಕನಸು ಕಾಣಲು ನೋಡಿದೆ. ಕೆರೆಯ ದಂಡೆ, ಶಾಲು, ಮಣ್ಣಿನ ಕುಡಿಕೆಯಲ್ಲಿ ಚಹಾ, ಕೆಳಗಿನ ಮನೆಯ ಹೆಂಗಸರ ಹರಟೆ. ಬರಲಿಲ್ಲ. ಕಣ್ಣು ಮುಚ್ಚಿದರೆ ಕಾಣುವುದು ನಮ್ಮ ಅಡುಗೆಮನೆಯ ಒಲೆ, ಕಿಟಕಿಯ ಸರಳು, ಕುಕ್ಕರಿನ ಸೀಟಿಯ ಮಧ್ಯೆ ಸೂರ್ಯ ಎಲ್ಲಿದ್ದಾನೆ ಎಂದು ಕುತ್ತಿಗೆ ನೀಡಿ ನೋಡುವ ನಾನು. ಸಂಜೆ ಮತ್ತೆ ಸೂರ್ಯ ಮುಳುಗಿದ, ಮತ್ತೆ ಗ್ಲಾಸುಗಳು ಮೇಲೆದ್ದವು. ಅತ್ತೆ ಅವತ್ತು ಕೈ ಮುಗಿಯಲಿಲ್ಲ. ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಹಾಗೇ ಕೂತಿದ್ದರು.

ಎಂಟಕ್ಕೆ ಗಂಟೆ ಬಾರಿಸಿದರು. ಹಾಲಿನ ನಡುವಿನ ಮೇಜಿಗೆ ಬಲೂನು ಕಟ್ಟಿದ್ದರು. ಕೇಕಿಗೆ ಮೊಟ್ಟೆ ಹಾಕಿಲ್ಲ ಎಂದು ಮೈದುನ ಎಲ್ಲರಿಗೂ ಕೇಳುವ ಹಾಗೆ ಎರಡು ಸಲ ಹೇಳಿದ. ಮ್ಯಾನೇಜರು ಚಪ್ಪಾಳೆ ಹೊಡೆಸಿದ, ಅದೂ ಸವಲತ್ತಿನಲ್ಲಿ ಸೇರಿತ್ತು. ಟೋಪಿಯವನು, ಕಿತ್ತಳೆಯವಳು, ಅಂಬಲ್‌ನವರು ಎಲ್ಲ ಸುತ್ತ ನಿಂತು ಫೋನು ಎತ್ತಿ ಹಿಡಿದರು. ಓರಗಿತ್ತಿ, “ಅತ್ತೇ, ಬಾಯಿ ಸ್ವಲ್ಪ ದೊಡ್ಡ ಮಾಡಿ, ಇಲ್ಲಿ ನೋಡಿ” ಎಂದು ಕೂಗಿದಳು. ಮೈದುನ ಒಂದು ತುಂಡು ಕತ್ತರಿಸಿ ಅಮ್ಮನ ಬಾಯಿಯ ಹತ್ತಿರ ಹಿಡಿದ.

ಅತ್ತೆ ಬಾಯಿ ತೆರೆದರು. ಔಷಧಿ ಕುಡಿಯುವ ಮಗುವಿನ ಹಾಗೆ ಕಣ್ಣು ಮುಚ್ಚಿಕೊಂಡು ತೆರೆದರು.

“ಸಾಕು,” ಎಂದೆ.

ನಾನು ಅಷ್ಟು ಗಟ್ಟಿಯಾಗಿ ಹೇಳುತ್ತೇನೆಂದು ನನಗೇ ಗೊತ್ತಿರಲಿಲ್ಲ. ಮೈದುನನ ಮಣಿಕಟ್ಟು ನನ್ನ ಕೈಯಲ್ಲಿತ್ತು. “ಅವರು ಹೊತ್ತು ಮುಳುಗಿದ ಮೇಲೆ ಉಣ್ಣುದಿಲ್ಲ.”

ಅವನು ಜನರ ಕಡೆ ನೋಡಿ ನಗಲು ಪ್ರಯತ್ನಿಸಿದ. “ಅತ್ತಿಗೇ, ಅಮ್ಮನೇ ಒಪ್ಪಿದ್ದಾರಲ್ಲ. ನಿಮಗೆಂತ?”

“ಅವರು ಒಪ್ಪಿದ್ರೆ ಆಯ್ತಾ? ವ್ರತ ಅವರದ್ದು, ಅಡುಗೆ ನಂದು. ದಿನಾ ಹೊತ್ತು ನೋಡಿ ಒಲೆ ಹೊತ್ತಿಸಿದ್ದು ನಾನು. ಕೆಲಸ ಬಿಟ್ಟದ್ದು ನಾನು. ನಿನ್ನ ಒಂದು ಫೋಟೋಕ್ಕೆ ಅದನ್ನೆಲ್ಲ ಹೊಳೆಗೆ ಹಾಕ್ಲಿಕ್ಕೆ ನೀನ್ಯಾರು?”

“ಇದು ನಿಮ್ಮ ಒಳ್ಳೇದಕ್ಕೇ ಅಲ್ವಾ?” ಎಂದು ಅವನು ಹಲ್ಲು ಕಚ್ಚಿಕೊಂಡು, ನನಗೆ ಮಾತ್ರ ಕೇಳುವ ಹಾಗೆ ಅಂದ. “ಹಾಗಾದ್ರೆ ಅಮ್ಮನನ್ನು ನೀವೇ ಇಟ್ಕೊಳ್ಳಿ. ನಮ್ಮಲ್ಲಿ ಆಗುದಿಲ್ಲ, ಹೇಳಿದ್ದೇನೆ.”

“ನಿನ್ನನ್ನು ಯಾರು ಕೇಳಿದ್ರು?” ಎಂದೆ. ಅವನ ಕೈಯಲ್ಲಿದ್ದ ತುಂಡನ್ನು ತೆಗೆದು ಅವನ ತಟ್ಟೆಗೇ ಹಾಕಿದೆ. “ತಿನ್ನು. ಫ್ರೀ.”

ಕನ್ನಡ ಬಾರದ ಜನ ಇದನ್ನೂ ಕಾರ್ಯಕ್ರಮದ ಭಾಗವೆಂದು ತಿಳಿದು ಸ್ವಲ್ಪ ಚಪ್ಪಾಳೆ ತಟ್ಟಿದರು. ಅತ್ತೆ ಕಣ್ಣು ಬಿಟ್ಟು, ತೆರೆದಿದ್ದ ಬಾಯಿ ಮುಚ್ಚಿಕೊಂಡು ನನ್ನನ್ನು ನೋಡಿದರು. ಥ್ಯಾಂಕ್ಸ್ ಅವರ ಬಾಯಲ್ಲಿ ಬರುವ ಮಾತಲ್ಲ, ನಾನೂ ಅದಕ್ಕೆ ಕಾದಿರಲಿಲ್ಲ. ಎದ್ದು ನಿಂತು, ಕೋಲಿನ ಬದಲು ನನ್ನ ತೋಳು ಹಿಡಿದು ಕ್ಯಾಬಿನ್ನಿನ ಕಡೆ ನಡೆದರು. ದಾರಿಯಲ್ಲಿ ಒಂದೇ ಮಾತು ಕೇಳಿದರು.

“ನಾಳೆ ಎಷ್ಟು ಹೊತ್ತಿಗೆ ಮನೆ ಮುಟ್ತೇವೆ?”

“ಮಧ್ಯಾಹ್ನ ಮೂರಕ್ಕೆ.”

“ಹಾಗಾದ್ರೆ ಆಯ್ತು,” ಎಂದರು.

ಮರುದಿನ ಘಾಟಿನಲ್ಲಿ ಮೈದುನ ನನ್ನ ಹತ್ತಿರ ಮಾತಾಡಲಿಲ್ಲ. ಡಮ್ ಡಮ್ ವಿಮಾನ ನಿಲ್ದಾಣಕ್ಕೆ ಹೋಗುವ ಟ್ಯಾಕ್ಸಿಯ ಒಳಗಿಂದ ಅಮ್ಮನಿಗೆ ಮಾತ್ರ ಕೈ ಬೀಸಿದ. ಓರಗಿತ್ತಿಯ ಸೂಟ್‌ಕೇಸ್ ಬಂದಾಗಿನದಕ್ಕಿಂತ ದಪ್ಪವಾಗಿತ್ತು. ಮುಂಬಯಿಯ ಮಾತನ್ನು ಆಮೇಲೆ ಯಾರೂ ಎತ್ತಿಲ್ಲ.

ಮನೆಗೆ ಬಂದು ಬಟ್ಟೆಯನ್ನೂ ಬದಲಿಸದೆ ಅಕ್ಕಿ ತೊಳೆದು ಇಟ್ಟೆ. ಕೆಳಗೆ ಗೇಟಿನ ಹತ್ತಿರ ಹೆಂಗಸರು ಶಾಲು ಸರಿಮಾಡಿಕೊಳ್ಳುತ್ತಾ ಒಬ್ಬರನ್ನೊಬ್ಬರು ಕರೆಯುತ್ತಿದ್ದರು. ಈ ಸಾರಿ ಅವರು ಕೂಗಿದ್ದರೆ ಬರುತ್ತೇನೆ ಎಂದುಬಿಡಬಹುದಿತ್ತು ಎಂದು ಒಂದು ಕ್ಷಣ ಅನ್ನಿಸಿತು. ಅವರು ಕೂಗಲಿಲ್ಲ. ಅತ್ತೆ ಕಿಟಕಿಯ ಹತ್ತಿರ ಕೂತು, ತಟ್ಟೆ ಮುಂದೆ ಬಂದ ಮೇಲೆ ಮಾತ್ರೆ ನುಂಗಿ, ಒಂದು ತುತ್ತು ಬಾಯಿಗಿಟ್ಟರು.

“ಸಾರಿಗೆ ಉಪ್ಪು ಕಮ್ಮಿ,” ಎಂದರು.

ನಾನು ಉಪ್ಪಿನ ಡಬ್ಬಿಯನ್ನು ಅವರ ಮುಂದೆ ಕುಕ್ಕಿದೆ. ಹೊರಗೆ ಇನ್ನೂ ಬಿಸಿಲಿತ್ತು.